ಸಾರ್ಟ್ ಮಾಡಿದರೂ ಡಬಲ್ ಸಾಲು ಹೋಗುತ್ತಿಲ್ಲವಾ? ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ಉಡುಪಿ-ಮಂಗಳೂರು ಕಡೆ ಯುವಕ ಮಂಡಲ ಇಲ್ಲದ ಊರು ಕಡಿಮೆ. ಮಂಡಲ ಅಂದ ಮೇಲೆ ರಕ್ತದಾನಿಗಳ ಪಟ್ಟಿ ಒಂದು ಉಂಟೇ ಉಂಟು. ಆ ಪಟ್ಟಿ ಒಂದೇ ಕಡೆಯಿಂದ ಬಂದದ್ದಲ್ಲ. ಸ್ವಲ್ಪ ಗೂಗಲ್ ಫಾರ್ಮ್‌ನದ್ದು, ಸ್ವಲ್ಪ ಹಳೆ ಎಕ್ಸೆಲ್ ಶೀಟಿನದ್ದು, ಉಳಿದದ್ದು ವಾಟ್ಸಾಪ್ ಗ್ರೂಪಿನಿಂದ ಕಾಪಿ ಮಾಡಿದ್ದು. ಎಲ್ಲ ಸೇರಿಸಿ ಒಂದು ಟೆಕ್ಸ್ಟ್ ಫೈಲ್ ಮಾಡಿದರೆ ಒಬ್ಬರೇ ಮೂರು ಸಲ ಬರುತ್ತಾರೆ. ರಾತ್ರಿ ತುರ್ತಾಗಿ ರಕ್ತ ಬೇಕಾದಾಗ ಒಬ್ಬರಿಗೇ ಮೂರು ಜನ ಫೋನ್ ಮಾಡಿದರೆ ಅವರಿಗೂ ಕಿರಿಕಿರಿ, ನಮ್ಮ ಹೊತ್ತೂ ಹಾಳು.

ಇಂಥ ಕೆಲಸಕ್ಕೆ ಲಿನಕ್ಸ್ ಅಥವಾ ಮ್ಯಾಕ್‌ನ ಕಮಾಂಡ್ ಲೈನ್, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿ (ಟರ್ಮಿನಲ್) ಸಾಕು. ಡಬಲ್ ಸಾಲು ತೆಗೆದುಕೊಡುವ ವೆಬ್‌ಸೈಟುಗಳು ಬೇಕಾದಷ್ಟಿವೆ. ಆದರೆ ಜನರ ಫೋನ್ ನಂಬರು, ರಕ್ತದ ಗುಂಪು ಇರುವ ಪಟ್ಟಿಯನ್ನು ಗುರುತು ಪರಿಚಯ ಇಲ್ಲದ ಸೈಟಿನಲ್ಲಿ ಪೇಸ್ಟ್ ಮಾಡಬೇಡಿ. ಇದು ಮೊದಲ ಎಚ್ಚರಿಕೆ.

ಆಜ್ಞೆಗಳನ್ನು ಓದಲು ಸುಲಭ ಆಗಲಿ ಅಂತ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ, ಉಳಿದದ್ದೆಲ್ಲ ಸಣ್ಣಕ್ಷರ. ಮುಖ್ಯ ಆಜ್ಞೆ ಎರಡು: ಸಾಲುಗಳನ್ನು ಕ್ರಮಕ್ಕೆ ಜೋಡಿಸುವ ಸಾರ್ಟ್, ಡಬಲ್ ಸಾಲು ತೆಗೆಯುವ ಯೂನಿಕ್. ಯೂನಿಕ್ ಅಂದರೆ ಯು-ಎನ್-ಐ-ಕ್ಯೂ, ನಾಲ್ಕೇ ಅಕ್ಷರ. ಫೈಲಿನ ಹೆಸರು "ಪಟ್ಟಿ" ಅಂತ ಇಟ್ಟುಕೊಳ್ಳೋಣ. ಲಿನಕ್ಸ್‌ನಲ್ಲಿ ಫೈಲಿಗೆ ಕನ್ನಡ ಹೆಸರು ಇಟ್ಟರೂ ನಡೆಯುತ್ತದೆ.

## ಕೈ ಹಾಕುವ ಮೊದಲು

ಒಂದು ಪ್ರತಿ ತೆಗೆದಿಡಿ. ನಂತರ ಎರಡು ಲೆಕ್ಕ ನೋಡಿ.

`ಸಿಪಿ ಪಟ್ಟಿ ಪಟ್ಟಿ-ಮೂಲ`

`ಡಬ್ಲ್ಯೂಸಿ -ಎಲ್ ಪಟ್ಟಿ`

`ಸಾರ್ಟ್ -ಯು ಪಟ್ಟಿ | ಡಬ್ಲ್ಯೂಸಿ -ಎಲ್`

ಮೊದಲನೆಯದು ಪ್ರತಿ ತೆಗೆಯುತ್ತದೆ. ಎರಡನೆಯದು ಒಟ್ಟು ಸಾಲು. ನಡುವಿನ ನಿಂತ ಗೆರೆ ಎಡಗಡೆಯ ಆಜ್ಞೆಯ ಫಲಿತಾಂಶವನ್ನು ಬಲಗಡೆಯದಕ್ಕೆ ಕೊಡುತ್ತದೆ. ಮೂರನೆಯದು ಡಬಲ್ ಕಳೆದರೆ ಉಳಿಯುವ ಸಾಲು. ಇವುಗಳ ವ್ಯತ್ಯಾಸವೇ ನೀವು ಕಳೆದುಕೊಳ್ಳಲಿರುವ ಸಾಲುಗಳ ಸಂಖ್ಯೆ. ಇಲ್ಲಿಯವರೆಗೆ ಯಾವ ಫೈಲೂ ಬದಲಾಗಿಲ್ಲ. ವ್ಯತ್ಯಾಸ ಸೊನ್ನೆ ಬಂದು, ಕಣ್ಣಿಗೆ ಮಾತ್ರ ಡಬಲ್ ಕಾಣುತ್ತಿದ್ದರೆ ಆಜ್ಞೆ ಬದಲಿಸಿ ಪ್ರಯೋಜನ ಇಲ್ಲ. ದೋಷ ಫೈಲಿನ ಒಳಗೆ ಉಂಟು.

ಯಾವ ಸಾಲು ಎಷ್ಟು ಸಲ ಬಂದಿದೆ ಅಂತ ನೋಡಲು:

`ಸಾರ್ಟ್ ಪಟ್ಟಿ | ಯೂನಿಕ್ -ಸಿ | ಸಾರ್ಟ್ -ಆರ್‌ಎನ್ | ಹೆಡ್`

ಜಾಸ್ತಿ ಸಲ ಬಂದದ್ದು ಮೇಲೆ ಬರುತ್ತದೆ. ಎಲ್ಲಕ್ಕಿಂತ ಮೇಲೆ ಖಾಲಿ ಸಾಲು ಕೂತಿದ್ದರೆ ಗಾಬರಿ ಬೇಡ. ಎಕ್ಸೆಲ್‌ನಿಂದ ಬಂದ ಫೈಲಿನಲ್ಲಿ ಅದು ಮಾಮೂಲು.

## ಲಕ್ಷಣ: ಯೂನಿಕ್ ಹಾಕಿದೆ, ಡಬಲ್ ಸಾಲು ಹಾಗೇ ಇದೆ

ಎಲ್ಲಕ್ಕಿಂತ ಜಾಸ್ತಿ ಜನ ಎಡವುವುದು ಇಲ್ಲಿಯೇ. ಯೂನಿಕ್ ಇಡೀ ಫೈಲನ್ನು ನೋಡುವುದಿಲ್ಲ. ಈಗಿನ ಸಾಲು ಅದರ ಹಿಂದಿನ ಸಾಲಿನ ಹಾಗೇ ಇದೆಯಾ ಅಂತ ಮಾತ್ರ ನೋಡುತ್ತದೆ. ಪಕ್ಕದ ಸೀಟಿನವನ ಮುಖ ಬಿಟ್ಟು ಬೇರೆ ಯಾರದ್ದೂ ನೆನಪಿಡದ ಬಸ್ ಕಂಡಕ್ಟರ್ ಹಾಗೆ. ಮೊದಲ ಸಾಲಿನಲ್ಲಿ ಮಲ್ಪೆ, ಎರಡರಲ್ಲಿ ಕಾಪು, ಮೂರರಲ್ಲಿ ಮತ್ತೆ ಮಲ್ಪೆ ಇದ್ದರೆ ಯೂನಿಕ್‌ಗೆ ಅಲ್ಲಿ ಡಬಲ್ ಇಲ್ಲವೇ ಇಲ್ಲ.

ಇದು ತಪ್ಪಲ್ಲ, ಉದ್ದೇಶ. 1973ರ ಮೂರನೇ ಆವೃತ್ತಿಯ ಯುನಿಕ್ಸ್‌ನಿಂದಲೂ ಯೂನಿಕ್ ಉಂಟು. ಒಂದು ಸಾಲು ನೆನಪಿಟ್ಟುಕೊಂಡರೆ ಸಾಕಾದ್ದರಿಂದ ಫೈಲ್ ಎಷ್ಟು ದೊಡ್ಡದಾದರೂ ಅದಕ್ಕೆ ಮೆಮೊರಿ ಜಾಸ್ತಿ ಬೇಡ. ಒಂದೇ ತರಹದ ಸಾಲುಗಳನ್ನು ಪಕ್ಕಪಕ್ಕ ತರುವ ಕೆಲಸ ಸಾರ್ಟ್‌ನದ್ದು.

`ಸಾರ್ಟ್ ಪಟ್ಟಿ | ಯೂನಿಕ್ > ಹೊಸಪಟ್ಟಿ`

ಬಾಣದ ಗುರುತು ಫಲಿತಾಂಶವನ್ನು ಹೊಸಪಟ್ಟಿ ಅನ್ನುವ ಫೈಲಿಗೆ ಬರೆಯುತ್ತದೆ. ಅಥವಾ ಇನ್ನೂ ಚಿಕ್ಕದಾಗಿ:

`ಸಾರ್ಟ್ -ಯು ಪಟ್ಟಿ > ಹೊಸಪಟ್ಟಿ`

ವಿಂಡೋಸ್ ಪವರ್‌ಶೆಲ್‌ನಲ್ಲಿ ಗೆಟ್-ಯೂನಿಕ್ ಕೂಡ ಪಕ್ಕದ ಸಾಲನ್ನೇ ನೋಡುವುದು. ಅಲ್ಲಿ ಸಾರ್ಟ್-ಆಬ್ಜೆಕ್ಟ್ -ಯೂನಿಕ್ ಬಳಸಿ. ಆದರೆ ಅದು ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರ ಎರಡನ್ನೂ ಒಂದೇ ಅಂತ ಲೆಕ್ಕ ಹಾಕುತ್ತದೆ, ನೆನಪಿರಲಿ.

## ಲಕ್ಷಣ: ಸಾರ್ಟ್ ಆದ ಮೇಲೂ ಒಂದೇ ಹೆಸರು ಪಕ್ಕಪಕ್ಕ ಎರಡು ಸಲ ಕೂತಿದೆ

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. ಅದು ನೋಡುವುದು ಅಕ್ಷರದ ಆಕಾರವನ್ನಲ್ಲ, ಒಳಗಿನ ಬೈಟ್‌ಗಳನ್ನು. ಎಲ್ಲೋ ಒಂದು ಕಾಣದ ಅಕ್ಷರ ಸೇರಿಕೊಂಡಿದೆ ಅಂತ ಅರ್ಥ. ಅದನ್ನು ಊಹಿಸುತ್ತಾ ಕೂರಬೇಡಿ, ಅಳೆಯಿರಿ. ಅನುಮಾನ ಇರುವ ಎರಡು ಸಾಲುಗಳು ಸಾರ್ಟ್ ಮಾಡಿದ ಫೈಲಿನಲ್ಲಿ 41 ಮತ್ತು 42ನೇ ಸಾಲು ಅಂತಿಟ್ಟುಕೊಳ್ಳಿ.

`ಸೆಡ್ -ಎನ್ '41ಪಿ' ಹೊಸಪಟ್ಟಿ | ಡಬ್ಲ್ಯೂಸಿ -ಸಿ`

`ಸೆಡ್ -ಎನ್ '42ಪಿ' ಹೊಸಪಟ್ಟಿ | ಡಬ್ಲ್ಯೂಸಿ -ಸಿ`

ಸೆಡ್ ಆ ಒಂದು ಸಾಲನ್ನು ತೆಗೆದುಕೊಡುತ್ತದೆ, ಡಬ್ಲ್ಯೂಸಿ -ಸಿ ಅದರ ಬೈಟ್ ಎಣಿಸುತ್ತದೆ. ಬರುವ ಎರಡು ಸಂಖ್ಯೆಗಳ ವ್ಯತ್ಯಾಸವೇ ರೋಗದ ಹೆಸರು ಹೇಳುತ್ತದೆ.

ವ್ಯತ್ಯಾಸ 1. ಸಾಲಿನ ಕೊನೆಯಲ್ಲಿ ಸ್ಪೇಸ್ ಇರಬಹುದು, ಟ್ಯಾಬ್ ಇರಬಹುದು, ಇಲ್ಲವೇ ವಿಂಡೋಸ್‌ನ ಸಾಲುಮುಕ್ತಾಯದ ಗುರುತು. ವಿಂಡೋಸ್ ಪ್ರತಿ ಸಾಲನ್ನು ಎರಡು ಗುರುತಿನಿಂದ ಮುಗಿಸುತ್ತದೆ, ಲಿನಕ್ಸ್ ಒಂದರಿಂದ. ಎರಡೂ ಕಡೆಯ ಫೈಲ್ ಸೇರಿಸಿದರೆ ಅರ್ಧ ಸಾಲುಗಳಿಗೆ ಒಂದು ಬೈಟ್ ಜಾಸ್ತಿ. ಪತ್ತೆಗೆ ಕ್ಯಾಟ್ ಮುಂದೆ ಮೈನಸ್ ದೊಡ್ಡಕ್ಷರದ ಎ ಹಾಕಿ. ಮ್ಯಾಕ್‌ನಲ್ಲಿ ಅದು ಇಲ್ಲ, ಬದಲಿಗೆ ಕ್ಯಾಟ್ -ವಿಇಟಿ ಹಾಕಿ. ಕನ್ನಡ ಸಾಲಿಗೆ ಇದನ್ನು ಹಾಕಿದರೆ ಪರದೆ ತುಂಬಾ "ಎಂ-" ಅಂತ ರಾಶಿ ಬೀಳುತ್ತದೆ. ಹೆದರಬೇಡಿ. ಬಾಲ ಮಾತ್ರ ನೋಡಿ. ಬರೀ ಡಾಲರ್ ಚಿಹ್ನೆ ಇದ್ದರೆ ಸರಿ. ಡಾಲರ್ ಹಿಂದೆ ^ಎಂ ಕಂಡರೆ ಅದು ವಿಂಡೋಸ್ ಗುರುತು. ಡಾಲರ್ ಹಿಂದೆ ಖಾಲಿ ಜಾಗ ಕಂಡರೆ ಸ್ಪೇಸ್.

`ಟಿಆರ್ -ಡಿ '\ಆರ್' < ಪಟ್ಟಿ > ಪಟ್ಟಿ-2`

`ಸೆಡ್ 'ಎಸ್/[[:ಬ್ಲ್ಯಾಂಕ್:]]*$//' ಪಟ್ಟಿ-2 > ಪಟ್ಟಿ-3`

ಈ ಕ್ರಮದಲ್ಲೇ ಮಾಡಿ. ವಿಂಡೋಸ್ ಗುರುತು ಕೊನೆಯಲ್ಲಿ ಕೂತಿರುವಾಗ ಅದರ ಹಿಂದಿನ ಸ್ಪೇಸ್ ಸೆಡ್‌ಗೆ ಸಿಗುವುದಿಲ್ಲ.

ಸಾಲಿನ ನಡುವೆ ಮಾಮೂಲಿ ಸ್ಪೇಸ್ ಬದಲು ಒಡೆಯದ ಸ್ಪೇಸ್ (ಅಲ್ಲಿ ಸಾಲು ಮುರಿಯದಂತೆ ತಡೆಯುವುದು, ನೋಡಲು ಮಾಮೂಲಿಯ ಹಾಗೇ) ಬಂದಿದ್ದರೂ ವ್ಯತ್ಯಾಸ 1 ಬರುತ್ತದೆ. ಮಾಮೂಲಿಯದ್ದು ಒಂದು ಬೈಟ್, ಒಡೆಯದ್ದು ಎರಡು. ವೆಬ್ ಪುಟದಿಂದ ಕಾಪಿ ಮಾಡಿದ ಹೆಸರುಗಳಲ್ಲಿ ಇದು ಸಾಮಾನ್ಯ.

ವ್ಯತ್ಯಾಸ 2. ಅದೇ ಒಡೆಯದ ಸ್ಪೇಸ್ ಸಾಲಿನ ಕೊನೆಗೆ ಹೆಚ್ಚುವರಿಯಾಗಿ ಅಂಟಿಕೊಂಡಿರಬಹುದು.

ವ್ಯತ್ಯಾಸ 3. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇದು ಕನ್ನಡದವರ ಸ್ವಂತ ಸಮಸ್ಯೆ. ಯೂನಿಕೋಡ್‌ನಲ್ಲಿ ಕನ್ನಡದ ಪ್ರತಿ ಅಕ್ಷರಭಾಗಕ್ಕೂ (ಯುಟಿಎಫ್-8 ರೂಪದಲ್ಲಿ) ಮೂರು ಬೈಟ್. "ಸುರತ್ಕಲ್" ಅಂತ ಬರೆದರೆ ಎಂಟು ಭಾಗ, 24 ಬೈಟ್. ಸಾಲುಮುಕ್ತಾಯ ಸೇರಿ 25. ಆದರೆ ಇನ್ನೊಬ್ಬರು ಬರೆದ "ಸುರತ್ಕಲ್‌" ಅಳೆದರೆ 28 ಬರುತ್ತದೆ. ಕೊನೆಯ ಅರ್ಧಾಕ್ಷರದ ನಂತರ ಅಗಲವೇ ಇಲ್ಲದ ಒಂದು ಬೇರ್ಪಡಿಸುವ ಗುರುತು ಕೂತಿದೆ. ಮುಂದಿನ ಅಕ್ಷರ ಒತ್ತಾಗದಿರಲಿ ಅಂತ ಇರುವ ಗುರುತು ಅದು. ಪದದ ಕೊನೆಯಲ್ಲಿ ಅದಕ್ಕೆ ಏನೂ ಕೆಲಸ ಇಲ್ಲ. ಆದರೂ ಕೆಲವು ಕೀಬೋರ್ಡುಗಳು, ಫಾಂಟ್ ಬದಲಾಯಿಸುವ ತಂತ್ರಾಂಶಗಳು ಅದನ್ನು ಅಲ್ಲಿ ಬಿಟ್ಟು ಹೋಗುತ್ತವೆ. ಸುರತ್ಕಲ್, ಪಣಂಬೂರ್, ಬಂಟ್ವಾಳ್ ಅಂತ ಅರ್ಧಾಕ್ಷರದಲ್ಲಿ ಮುಗಿಯುವ ಹೆಸರು ಎಲ್ಲಿದೆಯೋ ಅಲ್ಲೆಲ್ಲ ಅನುಮಾನ ಪಡಿ.

ಇದನ್ನು ತೆಗೆಯುವಾಗ ದುಡುಕಬೇಡಿ. ಫೈಲಿನಲ್ಲಿರುವ ಎಲ್ಲವನ್ನೂ ಅಳಿಸಿದರೆ "ಹಂಪನ್‌ಕಟ್ಟೆ" ಹೋಗಿ "ಹಂಪನ್ಕಟ್ಟೆ" ಆಗುತ್ತದೆ. ನಡುವೆ ಇರುವುದು ಬೇಕಾದದ್ದು. ಕೊನೆಯದನ್ನು ಮಾತ್ರ ತೆಗೆಯಿರಿ:

`ಎಲ್‌ಸಿ_ಆಲ್=ಸಿ ಸೆಡ್ 'ಎಸ್/\ಎಕ್ಸ್ಇ2\ಎಕ್ಸ್80\ಎಕ್ಸ್8ಸಿ$//' ಪಟ್ಟಿ-3 > ಪಟ್ಟಿ-4`

ಇಲ್ಲಿ ಎಲ್‌ಸಿ_ಆಲ್=ಸಿ ಪೂರ್ತಿ ದೊಡ್ಡಕ್ಷರ. ಇ2, 80, 8ಸಿ ಅಂದರೆ ಆ ಗುರುತಿನ ಮೂರು ಬೈಟ್‌ಗಳು. ಮ್ಯಾಕ್‌ನ ಸೆಡ್‌ಗೆ ಈ ಬೈಟ್ ಬರಹ ಅರ್ಥ ಆಗದೆ ಇರಬಹುದು, ಅಲ್ಲಿ ಗ್ನೂ ಸೆಡ್ ಹಾಕಿಕೊಳ್ಳಿ. ಊರಿನ ಹೆಸರು ಸಾಲಿನ ಕೊನೆಗಿಲ್ಲದೆ ಅಲ್ಪವಿರಾಮದ ಮೊದಲು ಇದ್ದರೆ ಡಾಲರ್ ಬದಲು ಅಲ್ಪವಿರಾಮ ಹಾಕಿ, ಬದಲಿ ಜಾಗದಲ್ಲೂ ಒಂದು ಅಲ್ಪವಿರಾಮ ಇಡಿ, ಕೊನೆಗೆ ಜಿ ಸೇರಿಸಿ.

ಮೂರು ಬೈಟ್‌ನ ಇನ್ನೊಂದು ಕಾರಣ ಫೈಲಿನ ಮೊದಲ ಸಾಲಿಗೆ ಮಾತ್ರ ಬರುತ್ತದೆ. ಎಕ್ಸೆಲ್‌ನಲ್ಲಿ ಯುಟಿಎಫ್-8 ಸಿಎಸ್‌ವಿ ಅಂತ ಉಳಿಸಿದರೆ ಫೈಲಿನ ತಲೆಗೆ ಒಂದು ಕಾಣದ ಗುರುತು ಅಂಟಿಸಿ ಕೊಡುತ್ತದೆ. ಹಾಗಾಗಿ ಮೊದಲ ಸಾಲಿನ ದಾನಿ ಮಾತ್ರ ಯಾವಾಗಲೂ ಎರಡು ಸಲ ಉಳಿಯುತ್ತಾರೆ. ಡಾಸ್‌ಟುಯುನಿಕ್ಸ್ (ನಡುವೆ 2 ಅಂಕಿ) ಅನ್ನುವ ತಂತ್ರಾಂಶ ಇದ್ದರೆ ಈ ತಲೆಗುರುತು ಮತ್ತು ವಿಂಡೋಸ್ ಸಾಲುಮುಕ್ತಾಯ ಎರಡನ್ನೂ ಒಟ್ಟಿಗೆ ತೆಗೆಯುತ್ತದೆ. ಅದು ಅದೇ ಫೈಲಿನ ಮೇಲೆ ಬರೆಯುತ್ತದೆ, ಆದ್ದರಿಂದ ಪ್ರತಿ ಇಟ್ಟುಕೊಂಡೇ ಓಡಿಸಿ. ಸೇರಿಸುವ ಮೊದಲು ಒಂದೊಂದೇ ಫೈಲಿಗೆ ಹಾಕುವುದು ಒಳ್ಳೆಯದು. ಸೇರಿಸಿದ ಮೇಲೆ ಆ ತಲೆಗುರುತು ಫೈಲಿನ ಹೊಟ್ಟೆಯೊಳಗೆ ಹೋಗಿರುತ್ತದೆ, ಅಲ್ಲಿ ಅದು ಈ ತಂತ್ರಾಂಶಕ್ಕೆ ಸಿಗುವುದಿಲ್ಲ.

ವ್ಯತ್ಯಾಸ 3 ಅಥವಾ 6, ಆದರೆ ಕೊನೆಯಲ್ಲಿ ಏನೂ ಇಲ್ಲ. ಊರಿನ ಹೆಸರು ಕೋಟ ಅಥವಾ ಬೈಂದೂರು ಅಂತ ಇದೆಯಾ ನೋಡಿ. "ಕೋ" ಅನ್ನುವುದನ್ನು ಯೂನಿಕೋಡ್‌ನಲ್ಲಿ ಒಂದೇ ಸ್ವರಚಿಹ್ನೆಯಿಂದ ಬರೆಯಬಹುದು. ಹ್ರಸ್ವ "ಕೊ" ಮೇಲೆ ದೀರ್ಘದ ಗುರುತು ಸೇರಿಸಿಯೂ ಬರೆಯಬಹುದು. ಪೂರ್ತಿ ಬಿಡಿಸಿ ಮೂರು ಚಿಹ್ನೆಯಲ್ಲೂ ಬರೆಯಬಹುದು. ಪರದೆಯ ಮೇಲೆ ಮೂರೂ ಒಂದೇ. ಕೋಟ ಅಂತ ಅಳೆದರೆ ಸಾಲುಮುಕ್ತಾಯ ಸೇರಿ 10, 13, 16 ಅಂತ ಮೂರು ಲೆಕ್ಕ ಬರುತ್ತದೆ. ಕೀ, ಕೇ, ಕೈ, ಕೊ ಇವುಗಳಿಗೂ ಇದೇ ಕಥೆ. ಇದಕ್ಕೆ ಕೈಮದ್ದು ಇಲ್ಲ, ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು. ಉಬುಂಟುವಿನಲ್ಲಿ ಐಸಿಯು-ಡೆವ್‌ಟೂಲ್ಸ್ ಹಾಕಿಕೊಂಡರೆ ಯುಕಾನ್ವ್ (ಯು-ಸಿ-ಒ-ಎನ್-ವಿ) ಸಿಗುತ್ತದೆ:

`ಯುಕಾನ್ವ್ -ಎಕ್ಸ್ ಎನಿ-ಎನ್‌ಎಫ್‌ಸಿ ಪಟ್ಟಿ-4 > ಪಟ್ಟಿ-5`

ಫೋನ್ ನಂಬರಿನ ಸಾಲಿನಲ್ಲಿ ವ್ಯತ್ಯಾಸ 3 ಅಥವಾ 6 ಬಂದರೆ ಮೊಬೈಲ್ ಕಾಂಟ್ಯಾಕ್ಟಿನಿಂದ ಕಾಪಿ ಮಾಡಿದ್ದಿರಬಹುದು. ಬರಹದ ದಿಕ್ಕು ಹೇಳುವ ಕಾಣದ ಗುರುತುಗಳು ನಂಬರಿನ ಅಕ್ಕಪಕ್ಕ ಬರುವುದುಂಟು. ಅವಕ್ಕೆ ಮದ್ದು ಮುಂದೆ ಫೋನ್ ನಂಬರಿನ ಭಾಗದಲ್ಲಿ ಉಂಟು.

ವ್ಯತ್ಯಾಸ ತೀರಾ ಜಾಸ್ತಿ. ಒಂದು ಸಾಲು ಯೂನಿಕೋಡ್, ಇನ್ನೊಂದು ಹಳೆ ನುಡಿ ಅಥವಾ ಬರಹ ಫಾಂಟಿನದ್ದು. ಡಿಟಿಪಿ ಅಂಗಡಿಯಿಂದ ಬಂದ ಹಳೆ ಪಟ್ಟಿಯಾದರೆ ಇದೇ. ಟರ್ಮಿನಲ್‌ನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಮೊದಲು ಯೂನಿಕೋಡ್‌ಗೆ ಬದಲಾಯಿಸಿ, ಆಮೇಲೆ ಉಳಿದದ್ದು.

ವ್ಯತ್ಯಾಸ ಸೊನ್ನೆ. ಬೈಟ್ ಸಂಖ್ಯೆ ಒಂದೇ ಆದರೂ ಅಕ್ಷರ ಬೇರೆ. ಇಂಗ್ಲಿಷಿನಲ್ಲಿ ಬರೆದ ಹೆಸರಾದರೆ ದೊಡ್ಡಕ್ಷರ ಸಣ್ಣಕ್ಷರ ನೋಡಿ. ಆಗ ಸಾರ್ಟ್ -ಎಫ್, ಅದರ ಮುಂದೆ ಯೂನಿಕ್ -ಐ. ಕನ್ನಡದಲ್ಲಾದರೆ "ರ" ಇರಬೇಕಾದಲ್ಲಿ "ಠ" ಬಂದಿದೆಯಾ ಅಂತ ಕನ್ನಡಕ ಹಾಕಿಕೊಂಡು ನೋಡುವುದೇ ದಾರಿ.

## ಲಕ್ಷಣ: ಎರಡು ಹೆಸರು ಒಂದೇ ಸಾಲಿನಲ್ಲಿ ಅಂಟಿಕೊಂಡಿವೆ

ಮೊದಲ ಫೈಲಿನ ಕೊನೆಯ ಸಾಲಿಗೆ ಸಾಲುಮುಕ್ತಾಯ ಇರಲಿಲ್ಲ. ಕ್ಯಾಟ್‌ನಿಂದ ಎರಡು ಫೈಲ್ ಸೇರಿಸಿದಾಗ ಆ ಸಾಲಿಗೆ ಮುಂದಿನ ಫೈಲಿನ ಮೊದಲ ಸಾಲು ಬಂದು ಅಂಟಿತು. ಕ್ಯಾಟ್ ಬಿಡಿ, ಎಲ್ಲ ಫೈಲನ್ನೂ ನೇರ ಸಾರ್ಟ್‌ಗೇ ಕೊಡಿ. ಅದು ಸಾಲುಮುಕ್ತಾಯ ತಾನೇ ಸೇರಿಸಿಕೊಳ್ಳುತ್ತದೆ.

`ಸಾರ್ಟ್ -ಯು ಫಾರ್ಮ್ ಎಕ್ಸೆಲ್ ವಾಟ್ಸಾಪ್ > ಹೊಸಪಟ್ಟಿ`

## ಲಕ್ಷಣ: ಡಬಲ್ ಹೋಗುವುದರ ಜೊತೆ ಒಳ್ಳೆಯ ಸಾಲೂ ಹೋಯಿತು

ಇದು ಮೇಲಿನದಕ್ಕಿಂತ ಅಪಾಯ, ಯಾಕೆಂದರೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಮೊದಲು ಲೆಕ್ಕ ಹಾಕಿಡಿ ಅಂದದ್ದು.

ಯೂನಿಕ್‌ಗೆ -ಯು ಹಾಕಿದ್ದೀರಾ? ಸಾರ್ಟ್‌ನ -ಯು ಬೇರೆ, ಯೂನಿಕ್‌ನ -ಯು ಬೇರೆ. ಸಾರ್ಟ್ -ಯು ಪ್ರತಿಯೊಂದರಲ್ಲಿ ಒಂದನ್ನು ಉಳಿಸುತ್ತದೆ. ಯೂನಿಕ್ -ಯು ಒಂದೇ ಸಲ ಬಂದ ಸಾಲುಗಳನ್ನು ಮಾತ್ರ ಉಳಿಸಿ, ಎರಡು ಸಲ ಬಂದವನ್ನು ಪೂರ್ತಿ ತೆಗೆದುಬಿಡುತ್ತದೆ. ಎರಡು ಕಡೆ ಹೆಸರು ಕೊಟ್ಟ ಉತ್ಸಾಹಿ ದಾನಿಯೇ ಪಟ್ಟಿಯಿಂದ ಮಾಯ. ಒಂದೇ ಅಕ್ಷರಕ್ಕೆ ಎರಡು ಅರ್ಥ ಇಟ್ಟವರಿಗೆ ಎಂತ ಹೇಳುವುದು ಮಾರಾಯ್ರೆ.

ಸಾರ್ಟ್‌ಗೆ -ಎನ್ ಮತ್ತು -ಯು ಒಟ್ಟಿಗೆ ಹಾಕಿದರೆ ಸಾಲಿನ ಮೊದಲಲ್ಲಿರುವ ಸಂಖ್ಯೆಯನ್ನು ಮಾತ್ರ ಹೋಲಿಸುತ್ತದೆ. ಸಾಲು ಪಿನ್‌ಕೋಡಿನಿಂದ ಶುರುವಾದರೆ 576101 ಅಂತ ಇರುವ ಉಡುಪಿಯವರೆಲ್ಲರಲ್ಲಿ ಒಬ್ಬರೇ ಉಳಿಯುತ್ತಾರೆ. ಹೆಸರಿನಿಂದ ಶುರುವಾದರೆ ಇನ್ನೂ ಕಷ್ಟ. ಸಂಖ್ಯೆ ಇಲ್ಲದ ಸಾಲಿಗೆ ಬೆಲೆ ಸೊನ್ನೆ, ಎಲ್ಲವೂ ಸೊನ್ನೆ, ಆದ್ದರಿಂದ ಇಡೀ ಫೈಲಿಗೆ ಒಂದೇ ಸಾಲು. ಫಲಿತಾಂಶದಲ್ಲಿ ಒಂದೇ ಸಾಲು ಉಳಿದರೆ ಮೊದಲು ಇದನ್ನೇ ನೋಡಿ.

ಸಾರ್ಟ್‌ಗೆ ಯಾವ ಕಾಲಂ ಅಂತ ಹೇಳುವ -ಕೆ ಜೊತೆ -ಯು ಹಾಕಿದರೂ ಹಾಗೆಯೇ. ಆ ಒಂದು ಕಾಲಂ ಒಂದೇ ಆದರೆ ಸಾಲೇ ಒಂದು ಅಂತ ಲೆಕ್ಕ. ಹೆಸರಿನ ಕಾಲಂ ಕೊಟ್ಟರೆ ಒಂದೇ ಹೆಸರಿನ ಇಬ್ಬರು ಶೆಟ್ರಲ್ಲಿ ಒಬ್ಬರು ಹೋಗುತ್ತಾರೆ. ನಮ್ಮ ಕಡೆ ಒಂದೇ ಹೆಸರಿನವರು ಇಬ್ಬರಿಗೇ ನಿಲ್ಲುವುದಿಲ್ಲ, ಅಲ್ವಾ?

ಯೂನಿಕ್ -ಡಬ್ಲ್ಯೂ ಹಾಕಿ ಮೊದಲ ಕೆಲವು ಅಕ್ಷರ ಮಾತ್ರ ಹೋಲಿಸಲು ಹೋದರೆ, ಹಲವು ಕಂಪ್ಯೂಟರುಗಳಲ್ಲಿ ಅದು ಅಕ್ಷರ ಎಣಿಸುವುದಿಲ್ಲ, ಬೈಟ್ ಎಣಿಸುತ್ತದೆ. 5 ಅಂತ ಕೊಟ್ಟರೆ ಕನ್ನಡದ ಎರಡನೇ ಅಕ್ಷರಭಾಗದ ನಡುವೆ ಕತ್ತರಿ ಬೀಳುತ್ತದೆ. ಕನ್ನಡಕ್ಕೆ ಇದನ್ನು ಬಳಸಬೇಡಿ.

ಇವು ಯಾವುದೂ ಅಲ್ಲದಿದ್ದರೆ ಭಾಷೆಯ ಸೆಟ್ಟಿಂಗ್. ಸಾರ್ಟ್ ಆ ಭಾಷೆಯ ವಿಂಗಡಣೆ ನಿಯಮದ ಪ್ರಕಾರ ಹೋಲಿಸುತ್ತದೆ. ಹಳೆ ಲಿನಕ್ಸ್‌ನಲ್ಲಿ ಆ ನಿಯಮದ ಪಟ್ಟಿಯಲ್ಲೇ ಇಲ್ಲದ ಅಕ್ಷರಗಳಿದ್ದವು, ಆಗ ಬೇರೆ ಬೇರೆ ಸಾಲು ಒಂದೇ ಅಂತ ಆಗುವ ಸಾಧ್ಯತೆ ಇತ್ತು. 2018ರಲ್ಲಿ ಬಂದ ಲಿನಕ್ಸ್‌ನ ಮೂಲ ಲೈಬ್ರರಿ ಜಿಲಿಬ್‌ಸಿ 2.28ರಲ್ಲಿ ಆ ಪಟ್ಟಿ ದೊಡ್ಡ ಮಟ್ಟದಲ್ಲಿ ಪರಿಷ್ಕರಣೆಯಾಯಿತು. ಅನುಮಾನ ಇದ್ದರೆ ಬೈಟ್ ಲೆಕ್ಕದಲ್ಲೇ ಹೋಲಿಸಲು ಹೇಳಿ:

`ಎಲ್‌ಸಿ_ಆಲ್=ಸಿ ಸಾರ್ಟ್ -ಯು ಪಟ್ಟಿ > ಹೊಸಪಟ್ಟಿ`

ಇದರಿಂದ ಸಾಲುಗಳ ಸಂಖ್ಯೆ ಬದಲಾದರೆ ಕಾರಣ ಸಿಕ್ಕಿತು. ದೊಡ್ಡ ಫೈಲಿಗೆ ಇದು ವೇಗವೂ ಹೌದು.

## ಲಕ್ಷಣ: ಫೈಲೇ ಖಾಲಿಯಾಯಿತು

`ಸಾರ್ಟ್ -ಯು ಪಟ್ಟಿ > ಪಟ್ಟಿ`

ಹೀಗೆ ಎರಡೂ ಕಡೆ ಒಂದೇ ಹೆಸರು ಕೊಟ್ಟರೆ ಶೆಲ್ (ಆಜ್ಞೆ ಓದಿ ನಡೆಸುವ ತಂತ್ರಾಂಶ, ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬ್ಯಾಶ್) ಮೊದಲು ಬಲಗಡೆಯ ಫೈಲನ್ನು ಖಾಲಿ ಮಾಡಿ ತೆರೆಯುತ್ತದೆ. ಸಾರ್ಟ್ ಓದಲು ಬರುವ ಹೊತ್ತಿಗೆ ಒಳಗೆ ಏನೂ ಇರುವುದಿಲ್ಲ. ಅದೇ ಫೈಲಿಗೆ ಬರೆಯಲೇಬೇಕಾದರೆ ಸಾರ್ಟ್‌ನದ್ದೇ -ಒ ಇದೆ:

`ಸಾರ್ಟ್ -ಯು -ಒ ಪಟ್ಟಿ ಪಟ್ಟಿ`

ಇದು ಪೂರ್ತಿ ಓದಿದ ಮೇಲೆ ಬರೆಯುತ್ತದೆ. ಆದರೂ ಬರೆಯುವ ನಡುವೆ ಕರೆಂಟ್ ಹೋದರೆ ಅರ್ಧ ಪಟ್ಟಿ. ಜೂನ್-ಜುಲೈ ಮಳೆಗೆ ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲು ಬರುವುದಿಲ್ಲ. ಬೇರೆ ಹೆಸರಿಗೆ ಬರೆದು, ನೋಡಿ, ಆಮೇಲೆ ಹೆಸರು ಬದಲಿಸುವುದೇ ಕ್ಷೇಮ.

ಇನ್ನೊಂದು ಹೊಂಡ ಇಲ್ಲಿ ಉಂಟು. ಎರಡು ಫೈಲನ್ನೂ ಒಟ್ಟಿಗೆ ನೋಡುತ್ತದೆ ಅಂತ ನಂಬಿ `ಯೂನಿಕ್ ಎಕ್ಸೆಲ್ ವಾಟ್ಸಾಪ್` ಅಂತ ಬರೆದರೆ, ಯೂನಿಕ್‌ಗೆ ಎರಡನೇ ಹೆಸರು ಓದುವ ಫೈಲ್ ಅಲ್ಲ, ಬರೆಯುವ ಫೈಲ್. ವಾಟ್ಸಾಪ್ ಪಟ್ಟಿ ಹೋಗಿ ಅಲ್ಲಿ ಎಕ್ಸೆಲ್ ಪಟ್ಟಿ ಕೂತಿರುತ್ತದೆ. ಒಂದು ಮಾತೂ ಕೇಳುವುದಿಲ್ಲ.

ಬ್ಯಾಶ್‌ನಲ್ಲಿ `ಸೆಟ್ -ಒ ನೋಕ್ಲಾಬರ್` ಹಾಕಿಟ್ಟರೆ ಮೊದಲ ತರಹದ ಅಪಾಯ ತಪ್ಪುತ್ತದೆ, ಇರುವ ಫೈಲಿನ ಮೇಲೆ ಬಾಣದ ಗುರುತು ಬರೆಯಲು ಬಿಡುವುದಿಲ್ಲ. ಯೂನಿಕ್‌ನ ಹೊಂಡಕ್ಕೆ ಅದರಿಂದ ರಕ್ಷಣೆ ಇಲ್ಲ.

ಈಗಾಗಲೇ ಖಾಲಿಯಾಗಿದ್ದರೆ, ಪ್ರತಿಯೂ ಇಲ್ಲದಿದ್ದರೆ: ಆ ಕಂಪ್ಯೂಟರಿನಲ್ಲಿ ಹೊಸದೇನೂ ಉಳಿಸಬೇಡಿ, ಡೌನ್‌ಲೋಡ್ ಮಾಡಬೇಡಿ. ಗೂಗಲ್ ಡ್ರೈವ್‌ನ ಹಳೆ ಆವೃತ್ತಿ, ಎಡಿಟರಿನ ಬ್ಯಾಕಪ್, ಗ್ರೂಪಿನಲ್ಲಿ ಕಳಿಸಿದ ಮೂಲ ಫೈಲ್ ಹುಡುಕಿ. ಅಲ್ಲಿ ಸಿಗದಿದ್ದರೆ ಡೇಟಾ ತೆಗೆದುಕೊಡುವವರ ಹತ್ತಿರ ಹೋಗುವ ಹೊತ್ತು. ಎಸ್‌ಎಸ್‌ಡಿ ಡಿಸ್ಕ್ ಆದರೆ ಆಸೆ ಕಡಿಮೆ ಇಟ್ಟುಕೊಳ್ಳಿ.

## ಲಕ್ಷಣ: ಡಬಲ್ ಹೋಯಿತು, ಆದರೆ ಕ್ರಮ ಕೆಟ್ಟಿತು

ತಲೆಬರಹದ ಸಾಲು ಎಲ್ಲೋ ನಡುವೆ ಹೋಗಿ ಕೂತಿದೆ, ಮೊದಲು ಹೆಸರು ಕೊಟ್ಟವರು ಕೊನೆಗೆ ಹೋಗಿದ್ದಾರೆ. ಸಾರ್ಟ್ ಮಾಡಿದ ಮೇಲೆ ಹಾಗೆ ಆಗಲೇಬೇಕು. ಕ್ರಮ ಉಳಿಸಲು ಆಕ್ ಬಳಸಿ, ಅಕ್ಷರ ಎ-ಡಬ್ಲ್ಯೂ-ಕೆ:

`ಆಕ್ '!ಸೀನ್[$0]++' ಪಟ್ಟಿ > ಹೊಸಪಟ್ಟಿ`

ಸಾಲು ಮೊದಲ ಸಲ ಕಂಡರೆ ಬರೆಯುತ್ತದೆ, ಮತ್ತೆ ಕಂಡರೆ ಬಿಡುತ್ತದೆ. ಸೀನ್ ಅನ್ನುವುದು ನಾವೇ ಇಟ್ಟ ಹೆಸರು, ಇಂಗ್ಲಿಷ್ ಅಕ್ಷರದಲ್ಲಿ ಏನಿಟ್ಟರೂ ಆದೀತು.

ಇದನ್ನು ಹಾಕಿದಾಗ "ಇವೆಂಟ್ ನಾಟ್ ಫೌಂಡ್" ಅಂತ ಬಂದರೆ ನೀವು ಜೋಡಿ ಉದ್ಧರಣ ಚಿಹ್ನೆ ಹಾಕಿದ್ದೀರಿ. ಅದರೊಳಗಿನ ಉದ್ಗಾರ ಚಿಹ್ನೆಯನ್ನು ಬ್ಯಾಶ್ ಹಳೆ ಆಜ್ಞೆ ಹುಡುಕುವ ಸೂಚನೆ ಅಂತ ತಿಳಿಯುತ್ತದೆ. ಒಂಟಿ ಚಿಹ್ನೆ ಹಾಕಿ. ಒಂಟಿ ಹಾಕಿಯೂ ಸಿಂಟ್ಯಾಕ್ಸ್ ತಪ್ಪು ಅಂತ ಬಂದರೆ ವಾಟ್ಸಾಪ್ ಅಥವಾ ವರ್ಡ್‌ನಿಂದ ಪೇಸ್ಟ್ ಮಾಡಿದ್ದಿರಬೇಕು. ಅವು ನೇರ ಚಿಹ್ನೆಯನ್ನು ಬಾಗಿದ ಚಿಹ್ನೆ ಮಾಡಿಬಿಡುತ್ತವೆ. ಅಳಿಸಿ ಕೈಯಲ್ಲೇ ಟೈಪ್ ಮಾಡಿ. ಏನೂ ಆಗದೆ ಕೆಳಗೆ ಬರೀ > ಬಂದು ನಿಂತರೆ ಒಂದು ಚಿಹ್ನೆ ಮುಚ್ಚಿಲ್ಲ. ಕಂಟ್ರೋಲ್-ಸಿ ಒತ್ತಿ ಹೊರಗೆ ಬನ್ನಿ.

## ಲಕ್ಷಣ: ನನಗೆ ಡಬಲ್ ಅಂತ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ

ಒಬ್ಬರು ಮಂಗಳೂರು ಅಂತ, ಇನ್ನೊಬ್ಬರು ಮ್ಯಾಂಗಲೋರ್ ಅಂತ, ಮತ್ತೊಬ್ಬರು ಕುಡ್ಲ ಅಂತ ಬರೆದಿದ್ದಾರೆ. ಗಾಡಿ ನಂಬರಿನಲ್ಲಿ ಕೆಎ-20, ಕೆಎ 20, ಕೆಎ20 ಮೂರೂ ಉಂಟು. ಇಲ್ಲಿ ಆಜ್ಞೆಯ ತಪ್ಪೇನಿಲ್ಲ. ಯಾವುದನ್ನು "ಒಂದೇ" ಅಂತ ಕರೆಯಬೇಕು ಅಂತ ನೀವೇ ಹೇಳಬೇಕು. ದಾನಿಗಳ ಪಟ್ಟಿಗೆ ನನ್ನ ಸಲಹೆ: ಹೆಸರು, ಊರು ಬಿಟ್ಟುಬಿಡಿ. ಫೋನ್ ನಂಬರ್ ಹಿಡಿಯಿರಿ.

ಫೋನ್ ನಂಬರೂ ನೇರ ಇಲ್ಲ. +91, ಮುಂದೆ ಸೊನ್ನೆ, ನಡುವೆ ಸ್ಪೇಸ್, ಕೆಲವರದ್ದು ಕನ್ನಡ ಅಂಕಿ. ಮೊದಲು ಅಂಕಿಗಳನ್ನು ಸರಿ ಮಾಡಿ:

`ಸೆಡ್ 'ವೈ/೦೧೨೩೪೫೬೭೮೯/0123456789/' ಪಟ್ಟಿ-5 > ಪಟ್ಟಿ-6`

ಆಮೇಲೆ ಎರಡನೇ ಕಾಲಂ ಫೋನ್ ಅಂತಾದರೆ, ಅಂಕಿ ಅಲ್ಲದ್ದನ್ನೆಲ್ಲ ಬಿಟ್ಟು ಕೊನೆಯ ಹತ್ತು ಅಂಕಿ ಮಾತ್ರ ಹೋಲಿಸಿ. ಎಫ್ ಇಲ್ಲಿ ದೊಡ್ಡಕ್ಷರ:

`ಆಕ್ -ಎಫ್, '{ಪಿ=$2; ಜಿಸಬ್(/[^0-9]/,"",ಪಿ); ಪಿ=ಸಬ್‌ಸ್ಟರ್(ಪಿ,ಲೆಂಗ್ತ್(ಪಿ)-9)} ಪಿ=="" || !ಸೀನ್[ಪಿ]++' ಪಟ್ಟಿ-6 > ಹೊಸಪಟ್ಟಿ`

ಸಬ್‌ಸ್ಟರ್ ಅಂದರೆ ಎಸ್-ಯು-ಬಿ-ಎಸ್-ಟಿ-ಆರ್. ದಿಕ್ಕು ಹೇಳುವ ಆ ಕಾಣದ ಗುರುತುಗಳೂ ಇದರಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಲ್ಯಾಂಡ್‌ಲೈನಿಗೂ ನಡೆಯುತ್ತದೆ. ಮಂಗಳೂರಿನ 0824 ಅನ್ನು ಎಕ್ಸೆಲ್ ಸೊನ್ನೆ ತಿಂದು 824 ಮಾಡಿದ್ದರೂ ಕೊನೆಯ ಹತ್ತು ಅಂಕಿ ಒಂದೇ. ಎಸ್‌ಟಿಡಿ ಕೋಡ್ ಹಾಕದೆ ಬರೀ ಏಳು ಅಂಕಿ ಬರೆದವರು ಮಾತ್ರ ತಪ್ಪಿಸಿಕೊಳ್ಳುತ್ತಾರೆ.

ನಡುವಿನ `ಪಿ==""` ಭಾಗ ಬಿಡಬೇಡಿ. ಅದಿಲ್ಲದಿದ್ದರೆ ಫೋನ್ ಕೊಡದವರೆಲ್ಲ ಒಬ್ಬರೇ ಅಂತ ಲೆಕ್ಕವಾಗಿ ಒಬ್ಬರು ಉಳಿದು ಮಿಕ್ಕವರು ಹೋಗುತ್ತಾರೆ. ಗಂಡ-ಹೆಂಡತಿ ಒಂದೇ ನಂಬರ್ ಕೊಟ್ಟಿದ್ದರೆ ಅಲ್ಲೂ ಒಬ್ಬರು ಹೋಗುತ್ತಾರೆ. ಅಂಥವರನ್ನು ಮೊದಲೇ ನೋಡಲು ಇದೇ ಆಜ್ಞೆಯಲ್ಲಿ `ಪಿ=="" || !ಸೀನ್[ಪಿ]++` ಬದಲು `ಪಿ!="" && ಸೀನ್[ಪಿ]++` ಹಾಕಿ. ಕೊನೆಯ ಬಾಣದ ಗುರುತು ಮತ್ತು ಹೊಸಪಟ್ಟಿ ಬಿಡಿ. ಹೋಗಲಿರುವ ಸಾಲುಗಳೇ ಪರದೆಗೆ ಬರುತ್ತವೆ.

ವಿಳಾಸದ ಒಳಗೇ ಅಲ್ಪವಿರಾಮ ಇದ್ದರೆ ಕಾಲಂ ಲೆಕ್ಕ ತಪ್ಪುತ್ತದೆ. ಆಗ ಆಕ್ ಜೊತೆ ಗುದ್ದಾಡಬೇಡಿ. ಸಿಎಸ್‌ವಿ ಓದಲು ಬರುವ ಪೈಥಾನ್ ಅಥವಾ ಮಿಲ್ಲರ್ ಬಳಸಿ, ಇಲ್ಲವೇ ಬಲ್ಲವರಿಗೆ ಕೊಡಿ.

## ಲಕ್ಷಣ: ಮುಗಿಯುವುದೇ ಇಲ್ಲ, ಅಥವಾ ಜಾಗ ಇಲ್ಲ ಅನ್ನುತ್ತದೆ

ದಾನಿಗಳ ಪಟ್ಟಿಗೆ ಇದು ಬರುವುದಿಲ್ಲ. ಸರ್ವರ್ ಲಾಗಿನಂಥ ಭಾರೀ ಫೈಲಿಗೆ ಬರುತ್ತದೆ. ಆಕ್ ಬೇರೆ ಬೇರೆ ಸಾಲುಗಳನ್ನೆಲ್ಲ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ, ಕಂಪ್ಯೂಟರ್ ನಿಧಾನವಾದರೆ ಅದನ್ನು ನಿಲ್ಲಿಸಿ ಸಾರ್ಟ್ ಬಳಸಿ. ಸಾರ್ಟ್ ಮೆಮೊರಿ ಸಾಲದಿದ್ದರೆ ಡಿಸ್ಕಿನ ತಾತ್ಕಾಲಿಕ ಜಾಗಕ್ಕೆ ತುಂಡು ತುಂಡಾಗಿ ಬರೆಯುತ್ತದೆ. ಅಲ್ಲಿ ಜಾಗ ಮುಗಿದರೆ ತಪ್ಪು ತೋರಿಸುತ್ತದೆ. ಮೈನಸ್ ದೊಡ್ಡಕ್ಷರದ ಟಿ ಹಾಕಿ ಜಾಗ ಇರುವ ಬೇರೆ ಫೋಲ್ಡರ್ ಕೊಡಿ. ಏನೂ ಬರೆಯದೆ ಸುಮ್ನೆ ನಿಂತಿದ್ದರೆ ಫೈಲಿನ ಹೆಸರು ಕೊಡಲು ಬಿಟ್ಟಿರಬಹುದು, ಅದು ನಿಮ್ಮ ಕೀಬೋರ್ಡಿಗೆ ಕಾಯುತ್ತಿದೆ.

## ಕೈ ತೆಗೆಯಬೇಕಾದ ಕಡೆ

ಸಾಲಿನ ಕ್ರಮಕ್ಕೇ ಅರ್ಥ ಇರುವ ಫೈಲುಗಳಿಗೆ ಇದನ್ನೆಲ್ಲ ಹಾಕಬೇಡಿ. ಪ್ರೋಗ್ರಾಂ, ಸ್ಕ್ರಿಪ್ಟ್, ಸಿಸ್ಟಮ್ ಸೆಟ್ಟಿಂಗ್ ಫೈಲ್, ಡೇಟಾಬೇಸ್ ಡಂಪ್ ಇವುಗಳಲ್ಲಿ ಒಂದೇ ಸಾಲು ಹತ್ತು ಸಲ ಬರುವುದು ಸಹಜ. ಬರೀ ಮುಚ್ಚುವ ಆವರಣ ಇರುವ ಸಾಲುಗಳೇ ಎಷ್ಟಿರುತ್ತವೆ! ಡಬಲ್ ತೆಗೆದರೆ ಅದು ಓಡುವುದಿಲ್ಲ. ಅನುಮತಿ ಇಲ್ಲ ಅಂತ ಬಂದು ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಸುಡೊ ಹಾಕಲು ಮನಸ್ಸಾದರೆ ಅಲ್ಲೇ ನಿಲ್ಲಿಸಿ, ಆ ಯಂತ್ರ ನೋಡಿಕೊಳ್ಳುವವರನ್ನು ಕೇಳಿ.

ಹಣದ ಲೆಕ್ಕದ ಫೈಲಿನಲ್ಲೂ ಹಾಗೆಯೇ. ಒಂದೇ ದಿನ, ಒಂದೇ ಹೆಸರು, ಒಂದೇ ಮೊತ್ತದ ಎರಡು ರಸೀದಿ ನಿಜವಾಗಿ ಎರಡು ಸೇವೆಯೇ ಆಗಿರಬಹುದು. ಅಲ್ಲಿ ಯೂನಿಕ್ -ಡಿ ಹಾಕಿ ಡಬಲ್ ಇರುವುದನ್ನು ಪಟ್ಟಿ ಮಾಡಿ ಲೆಕ್ಕ ಬರೆಯುವವರ ಕೈಗೆ ಕೊಡಿ, ಅಳಿಸುವುದು ಅವರಿಗೆ ಬಿಟ್ಟದ್ದು.

ಹೊಸ ಪಟ್ಟಿಯನ್ನು ಗ್ರೂಪಿಗೆ ಹಾಕುವ ಮೊದಲು ಹೋದ ಸಾಲುಗಳನ್ನು ಒಮ್ಮೆ ಕಣ್ಣಾಡಿಸಿ. ಹೋಲಿಕೆ ಸರಿ ಬರಬೇಕಾದರೆ ಎರಡೂ ಫೈಲ್ ಒಂದೇ ರೀತಿ ಸಾರ್ಟ್ ಆಗಿರಬೇಕು, ಆದ್ದರಿಂದ ಎಲ್ಲ ಕಡೆ ಎಲ್‌ಸಿ_ಆಲ್=ಸಿ ಹಾಕಿ:

`ಎಲ್‌ಸಿ_ಆಲ್=ಸಿ ಸಾರ್ಟ್ ಪಟ್ಟಿ-6 > ಹಳೆ`

`ಎಲ್‌ಸಿ_ಆಲ್=ಸಿ ಸಾರ್ಟ್ ಹೊಸಪಟ್ಟಿ > ಹೊಸ`

`ಎಲ್‌ಸಿ_ಆಲ್=ಸಿ ಕಾಮ್ -23 ಹಳೆ ಹೊಸ | ಲೆಸ್`

ಕಾಮ್ ಅಂದರೆ ಸಿ-ಒ-ಎಂ-ಎಂ. ಹಳೆಯದರಿಂದ ತೆಗೆದ ಸಾಲುಗಳು ಮಾತ್ರ ಬರುತ್ತವೆ, ಡಬಲ್ ಸಾಲಿನ ಹೆಚ್ಚುವರಿ ಪ್ರತಿಗಳೂ ಸೇರಿ. ಹೊರಗೆ ಬರಲು ಕ್ಯೂ ಒತ್ತಿ. ಪಟ್ಟಿ-ಮೂಲ ಫೈಲನ್ನು ಮುಂದಿನ ಶಿಬಿರ ಮುಗಿಯುವ ತನಕ ಅಳಿಸಬೇಡಿ.